ದಿನಕ್ಕೆ ಅರವತ್ತು ಗ್ರಾಂ

ಕೂಡ್ಲಿಗಿಯ ಡಾಕ್ಟರರ ಕೋಣೆಯಲ್ಲಿದ್ದ ತೂಕದ ಯಂತ್ರ ನೂರಿಪ್ಪತ್ತು ಕಿಲೋವರೆಗಿನದು. ನಾನು ಹತ್ತಿ ನಿಂತಾಗ ಮುಳ್ಳು ಸರ್ರನೆ ಕೊನೆಗೆ ಹೋಗಿ ಅಂಟಿಕೊಂಡಿತು. ಇಳಿದ ಮೇಲೂ ಸೊನ್ನೆಗೆ ಮರಳಲಿಲ್ಲ. ಕಾಂಪೌಂಡರ್ ಅದನ್ನೆತ್ತಿ ಎರಡು ಸಲ ನೆಲಕ್ಕೆ ಕುಕ್ಕಿದ. ಡಾಕ್ಟರರು ಒಳ್ಳೆಯವರು, ನಗಲಿಲ್ಲ. ಬೆಂಗಳೂರಿಗೆ ಪತ್ರ ಬರೆಯಲು ಸರಿಯಾದ ತೂಕ ಬೇಕು, ನಿಮ್ಮ ಕೊಟ್ಟೂರಿನಲ್ಲೇ ಯಾವುದಾದರೂ ದೊಡ್ಡ ಕಾಟಾದಲ್ಲಿ ತೂಗಿಸಿ ಚೀಟಿ ತನ್ನಿ ಎಂದರು.

ಮರುದಿನ ನನ್ನ ತಮ್ಮ ಬಸವರಾಜ ನನ್ನನ್ನು ಪರಿಚಯದವರ ಶೇಂಗಾ ಅಂಗಡಿಗೆ ಕರೆದುಕೊಂಡು ಹೋದ. ಚೀಲ ತೂಗುವ ಕಾಟಾದ ಮೇಲೆ ನಿಂತೆ. ಹಮಾಲರು ಹೊತ್ತಿದ್ದನ್ನು ಇಳಿಸಿ ಸುತ್ತ ಬಂದು ನಿಂತರು. ನೂರ ಮೂವತ್ತೆಂಟು ಕಿಲೋ. ಮೂರು ಚೀಲದ ಮೇಲೆ ಆಯಿತು ಎಂದು ಒಬ್ಬ ಲೆಕ್ಕ ಹೇಳಿದ. ಸಾಹುಕಾರರು ತಮ್ಮ ಅಂಗಡಿಯ ಚೀಟಿಯಲ್ಲೇ ಬರೆದುಕೊಟ್ಟರು. ಮಾಲಿನ ಹೆಸರು ಬರೆಯುವ ಜಾಗ ಮಾತ್ರ ಖಾಲಿ ಬಿಟ್ಟರು. ಬಸವರಾಜ ನೆಲ ನೋಡುತ್ತ ನಿಂತಿದ್ದ. ಅಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ನನ್ನಂಥವರು ಬೇರೆಯವರಿಗಿಂತ ಮೊದಲು ನಗುವುದನ್ನು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ.

ನನ್ನ ಹೆಸರು ರತ್ನ. ಆಗ ನನಗೆ ಮೂವತ್ತೊಂಬತ್ತು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಖಾನಾವಳಿ ಇತ್ತು. ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೆ ಅವ್ವ, ಬಸವರಾಜ, ಅವನ ಹೆಂಡತಿ ಸುಮಂಗಲಾ ಮತ್ತು ನಾನು ನಡೆಸುತ್ತಿದ್ದೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಾಳು, ಶೇಂಗಾ ಚಟ್ನಿ, ಮಜ್ಜಿಗೆ. ನಾನು ಗಲ್ಲಾದ ಮೇಲೂ ಕೂರುತ್ತಿದ್ದೆ, ಒಲೆಯ ಮುಂದೆಯೂ ನಿಲ್ಲುತ್ತಿದ್ದೆ. ನನಗೆ ಮದುವೆಯಾಗಲಿಲ್ಲ. ನೋಡಲು ಬಂದವರು ನಮ್ಮ ಉಪ್ಪಿಟ್ಟು ಹೊಗಳಿ ಹೋಗುತ್ತಿದ್ದರು, ಮತ್ತೆ ಸುದ್ದಿ ಇರುತ್ತಿರಲಿಲ್ಲ. ಖಾನಾವಳಿಗೆ ಮಾತ್ರ ನನ್ನ ಮೈಯಿಂದ ನಷ್ಟವಿರಲಿಲ್ಲ. ಅಕ್ಕನನ್ನು ನೋಡಿದರೆ ಸಾಕು, ಊಟ ಹೇಗಿರುತ್ತದೆ ಎಂದು ಕೇಳುವುದೇ ಬೇಡ ಎಂದು ಗಿರಾಕಿಗಳು ಹೇಳುತ್ತಿದ್ದರು.

ಸಕ್ಕರೆ ಕಾಯಿಲೆ ಬಂತು. ಮಂಡಿಗಳು ಹೋದವು. ಮಲಗಿದರೆ ಉಸಿರು ನಿಂತು ನಿಂತು ಬರತೊಡಗಿತು. ಹೀಗೇ ಬಿಟ್ಟರೆ ಯಾವತ್ತೋ ಒಂದು ದಿನ ಉಸಿರು ಮತ್ತೆ ಬರುವುದಿಲ್ಲ ಎಂದು ದಾವಣಗೆರೆಯ ಡಾಕ್ಟರೊಬ್ಬರು ನೇರವಾಗಿ ಹೇಳಿದರು. ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಬೆಂಗಳೂರಿನಲ್ಲಿ ಆಗುತ್ತದೆ ಎಂದು ತಿಳಿಸಿದವರೂ ಅವರೇ. ಆಗಷ್ಟೇ ನಮ್ಮ ಕಡೆ ಜನರ ಕೈಗೆ ಮೊಬೈಲ್ ಬರುತ್ತಿದ್ದ ಕಾಲ. ಇಂಥದೊಂದು ಆಪರೇಷನ್ ಇದೆ ಎನ್ನುವುದೇ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋಗುವ ಮುಂಚೆ ನಾವೆಲ್ಲ ಸೇರಿ ಒಂದು ಸುಳ್ಳು ಕಟ್ಟಿದೆವು. ಊಟದ ಅಂಗಡಿ ನಡೆಸುವವಳು ತಿಂದು ತಿಂದು ಹೊಟ್ಟೆ ಕೊಯ್ಸಿಕೊಂಡಳು ಎಂದು ಜನ ಆಡಿಕೊಳ್ಳುತ್ತಾರೆ, ಗರ್ಭಕೋಶದ ಆಪರೇಷನ್ ಎಂದು ಹೇಳೋಣ ಎಂದಳು ಸುಮಂಗಲಾ. ಎಲ್ಲರಿಗೂ ಸರಿ ಅನ್ನಿಸಿತು. ನನಗೂ ಅನ್ನಿಸಿತು.

ಬೆಂಗಳೂರಿನ ಆ ಆಸ್ಪತ್ರೆಯ ಬಗ್ಗೆ ನನಗೆ ಮೊದಲು ನೆನಪಾಗುವುದು ಕುರ್ಚಿಗಳು. ಕಾಯುವ ಕೋಣೆಯಲ್ಲಿ ಕೈಗಳಿಲ್ಲದ, ಅಗಲವಾದ ಕುರ್ಚಿಗಳನ್ನು ಹಾಕಿದ್ದರು. ತೊಡೆಗೆ ಏನೂ ಒತ್ತದೆ ಒಂದು ಕುರ್ಚಿಯಲ್ಲಿ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿ ನನ್ನಂಥವರು ಏಳೆಂಟು ಜನರಿದ್ದರು. ಯಾರೂ ಯಾರನ್ನೂ ದಿಟ್ಟಿಸಲಿಲ್ಲ. ಎರಡು ತಾಸು ಕಾಯಿಸಿದರು; ಇನ್ನೆರಡು ತಾಸು ಕಾಯಿಸಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ.

ಆಪರೇಷನ್ ಆಯಿತು. ಹೊಟ್ಟೆಯ ಬಹುಪಾಲು ಕತ್ತರಿಸಿ ತೆಗೆದು ಒಂದು ಬಾಳೆಕಾಯಿಯಷ್ಟು ಉಳಿಸಿದರು. ಬಿಡುಗಡೆಯ ದಿನ ಆಹಾರದ ಸಲಹೆ ಕೊಡುವ ಹುಡುಗಿ ಬಂದು ನನ್ನ ಹಾಸಿಗೆಯ ಪಕ್ಕ ಕೂತಳು. ಇಪ್ಪತ್ತೈದರ ಆಸುಪಾಸು ಇರಬೇಕು. ಕಾಗದದಲ್ಲಿ ಕನ್ನಡದಲ್ಲೇ ದುಂಡಗೆ ಬರೆದುಕೊಟ್ಟಳು. ದಿನಕ್ಕೆ ಅರವತ್ತು ಗ್ರಾಂ ಪ್ರೊಟೀನ್ ಹೋಗಲೇಬೇಕು. ತಟ್ಟೆಯಲ್ಲಿ ಪ್ರೊಟೀನ್ ಇರುವುದನ್ನು ಮೊದಲು ತಿನ್ನಬೇಕು. ರೊಟ್ಟಿ, ಅನ್ನ ಎಲ್ಲ ಆಮೇಲೆ, ಜಾಗ ಉಳಿದರೆ. ಊಟದ ಜೊತೆ ನೀರು ಕುಡಿಯಬಾರದು. ಮೊಟ್ಟೆಯ ಬಿಳಿಭಾಗ ಎಲ್ಲಕ್ಕಿಂತ ಸುಲಭ ಎಂದು ಅವಳು ಹೇಳಿದಾಗ ನಾವು ಲಿಂಗ ಕಟ್ಟಿಕೊಂಡವರು ಎಂದೆ. ಅವಳು ಆ ಸಾಲನ್ನು ಹೊಡೆದುಹಾಕಿ ಪ್ರೊಟೀನ್ ಪುಡಿಯ ಹೆಸರು ಬರೆದಳು. ಆ ಹೊಡೆದ ಗೆರೆ ನನಗೆ ಎಷ್ಟು ದುಬಾರಿಯಾಯಿತು ಎಂಬುದೇ ಮುಂದಿನ ಕಥೆ.

ಪುಡಿ ಕೊಟ್ಟೂರಿನಲ್ಲಿ ಸಿಗುತ್ತಿರಲಿಲ್ಲ. ದಾವಣಗೆರೆಯಿಂದ ತರಿಸಿದ ಡಬ್ಬಿಯ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಕುಡಿದರೆ ಭೇದಿ. ಮೂರು ವಾರಕ್ಕೆ ಬಿಟ್ಟೆ. ಅವ್ವ ನನಗಾಗಿ ಬೇಳೆಯ ಕಟ್ಟು ಬಸಿದು, ತುಪ್ಪ ಬಿಟ್ಟು, ಒಗ್ಗರಣೆ ಕೊಟ್ಟು ಲೋಟದಲ್ಲಿ ತಂದುಕೊಡುತ್ತಿದ್ದಳು. ಬೇಳೆಯ ಸತ್ವವೆಲ್ಲ ಅದರಲ್ಲೇ ಇರುತ್ತದೆ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ. ಮೇಲಿನ ತಿಳಿ ಬಹುತೇಕ ನೀರು, ಬೇಕಾದದ್ದು ತಳದ ಬೇಳೆ ಎಂಬ ಮಾತು ತಿಳಿಯುವ ಹೊತ್ತಿಗೆ ಏಳು ತಿಂಗಳಾಗಿತ್ತು. ನಾಲ್ಕು ಗುಟುಕು ಕುಡಿಯುವುದರಲ್ಲಿ ಹೊಟ್ಟೆ ತುಂಬುತ್ತಿತ್ತು. ಐದನೆಯದು ಹೋದರೆ ಎಲ್ಲ ವಾಪಸು. ಬಚ್ಚಲ ಗೋಡೆಯ ಯಾವ ಮೂಲೆಯಲ್ಲಿ ಎಷ್ಟು ಪಾಚಿಯಿದೆ ಎಂದು ನನಗೆ ಬಾಯಿಪಾಠವಾಯಿತು.

ಅದಾದ ಮೇಲೆ ಮತ್ತೆ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಹಸಿವು ಅಂತಿರಲಿಲ್ಲ, ಆದರೆ ಆಸೆ ಹೋಗಿರಲಿಲ್ಲ. ಗಿರಾಕಿಗಳು ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಡುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಅವರ ಗಂಟಲಿನಿಂದ ತುತ್ತು ಇಳಿಯುವುದು ಕಾಣುತ್ತಿತ್ತು. ಅವರ ಮೇಲೆ ದ್ವೇಷ ಬರುತ್ತಿತ್ತು. ನಾನು ಬಡಿಸುವುದರಲ್ಲಿ ಕೈ ಬಿಗಿ ಮಾಡಿದ್ದೇನೆ ಎಂದು ಬಸವರಾಜ ಎರಡು ಸಲ ಹೇಳಿದ.

ಮೊದಲ ನಾಲ್ಕು ತಿಂಗಳು ಎಲ್ಲರೂ ಖುಷಿಯಾಗಿದ್ದರು. ರವಿಕೆ ಸಡಿಲವಾಯಿತು, ಮೆಟ್ಟಿಲು ಹತ್ತಿದೆ, ಸಕ್ಕರೆ ಗುಳಿಗೆ ಬಿಟ್ಟರು. ಐದನೆಯ ತಿಂಗಳು ಕೂದಲು ಉದುರತೊಡಗಿತು. ತಲೆ ಬಾಚಿದರೆ ಹಣಿಗೆಯ ತುಂಬ, ಕೈ ಆಡಿಸಿದರೆ ಕೈ ತುಂಬ.

ಒಂದು ಮಧ್ಯಾಹ್ನ, ಊಟದ ಹೊತ್ತು ತುಂಬಿದ್ದಾಗ, ಕಾಯಂ ಗಿರಾಕಿಯಾಗಿದ್ದ ಒಬ್ಬ ಮೇಷ್ಟರು ಹೆಸರುಕಾಳಿನ ಪಲ್ಯದಿಂದ ಉದ್ದನೆಯ ಕೂದಲೊಂದನ್ನು ಎಳೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಪಲ್ಯ ಮಾಡಿದವಳು ನಾನು. ಕೂದಲು ಯಾರದೆಂದು ನನಗೆ ಅನುಮಾನವೇ ಇರಲಿಲ್ಲ. ಆದರೂ ನಾನು ಒಲೆಯ ಕಡೆ ತಿರುಗಿ, ತಲೆ ಮೇಲೆ ಸೆರಗು ಹೊದ್ದು ಕೆಲಸ ಮಾಡು ಅಂತ ಎಷ್ಟು ಸಲ ಹೇಳಬೇಕು ನಿನಗೆ ಎಂದು ದುರುಗಮ್ಮನನ್ನು ಬೈದೆ.

ದುರುಗಮ್ಮ ನಮ್ಮಲ್ಲಿ ರೊಟ್ಟಿ ತಟ್ಟುವವಳು. ಗುಡೇಕೋಟೆ ಕಡೆಯಿಂದ ಕೂಲಿಗೆಂದು ಬಂದು ಊರ ಅಂಚಿನಲ್ಲಿ ನೆಲೆಸಿದ್ದಳು. ಹದಿನೈದು ವರ್ಷದಿಂದ ನಮ್ಮ ಒಲೆಯ ಹೊಗೆ ಕುಡಿದವಳು. ಅವಳು ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಬಂದಳು. ಏನೂ ಕೂಗಾಡಲಿಲ್ಲ. ಹಿಟ್ಟಿನ ಕೈಯಿಂದಲೇ ತಲೆಯ ಸೆರಗು ತೆಗೆದಳು.

“ಅಕ್ಕಾರ, ನನ್ನ ತಲಿ ಬೆಳ್ಳಗಾಗಿ ಆರು ವರ್ಷ ಆತ್ರಿ,” ಎಂದಳು.

ಮೇಷ್ಟರ ಬೆರಳಲ್ಲಿ ಇದ್ದದ್ದು ಕಪ್ಪು ಕೂದಲು. ಊಟಕ್ಕೆ ಕೂತವರೆಲ್ಲ ಅವಳ ತಲೆ ನೋಡಿ, ಆಮೇಲೆ ನನ್ನ ತಲೆ ನೋಡಿದರು. ನನ್ನ ತಲೆಯಲ್ಲಿ ಎರಡು ಕಡೆ ಚರ್ಮ ಕಾಣುತ್ತಿತ್ತು. ದುರುಗಮ್ಮ ವಾಪಸು ಹೋಗಿ ಕೂತು ರೊಟ್ಟಿ ತಟ್ಟಿದಳು.

ಆ ದಿನದಿಂದ ಊರಿಗೆ ನನ್ನ ಬಗ್ಗೆ ಗೊತ್ತಾಯಿತು. ಅಂದರೆ ಊರು ತನಗೆ ಬೇಕಾದ್ದನ್ನು ಗೊತ್ತು ಮಾಡಿಕೊಂಡಿತು. ಆಗ ನಮ್ಮ ಜಿಲ್ಲೆಯಲ್ಲಿ ಒಂದು ರೋಗದ ಹೆಸರನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಸೊರಗಿ, ಕೂದಲುದುರಿ, ವಾಂತಿ ಮಾಡುತ್ತ ಸಾಯುವವರನ್ನು ಎಲ್ಲರೂ ನೋಡಿದ್ದರು. ಮದುವೆಯಾಗದವಳು, ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ, ಬರುವವರು ಲಾರಿಯವರು, ಇಷ್ಟು ಸಾಕಾಯಿತು. ಒಬ್ಬ ಹಳೆಯ ಗಿರಾಕಿಗೆ ನಾನೇ ನಿಜ ಹೇಳಿದೆ, ಗರ್ಭಕೋಶವಲ್ಲ, ಹೊಟ್ಟೆ ಕೊಯ್ಸಿಕೊಂಡದ್ದು ಎಂದು. ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳುತ್ತಿದ್ದಾಳೆ ಎಂಬಂತೆ ಅವರು ತಲೆಯಾಡಿಸಿ ಹೋದರು. ಆ ಮೇಲೆ ಬರಲಿಲ್ಲ. ಒಬ್ಬೊಬ್ಬರಾಗಿ ಬಹಳ ಜನ ಬರಲಿಲ್ಲ.

ಬಸವರಾಜ ಒಂದು ಬೆಳಗ್ಗೆ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. ನಾನು ಎತ್ತಿ ಆಡಿಸಿದ ತಮ್ಮ.

“ಅಕ್ಕ, ಇನ್ನ ಅಂಗಡಿಗೆ ಬರಬ್ಯಾಡ. ಮಂದಿ ಏನೇನೋ ಮಾತಾಡಾಕತ್ಯಾರ,” ಎಂದ.

ನಿನಗೆ ಗೊತ್ತಲ್ಲೋ ನನಗೆ ಏನಾಗಿದೆ ಅಂತ, ನೀನೇ ಅಲ್ಲವೇ ಆಪರೇಷನ್ನಿಗೆ ಸಹಿ ಹಾಕಿದವನು ಎಂದೆ. ಗೊತ್ತು ಎಂದ. ಆದರೂ ಒಮ್ಮೆ ರಕ್ತ ತಪಾಸಣೆ ಮಾಡಿಸೋಣ, ರಿಪೋರ್ಟ್ ಕೈಯಲ್ಲಿದ್ದರೆ ತೋರಿಸಬಹುದು ಎಂದ. ಮಾಡಿಸಿದೆ. ಪರೀಕ್ಷೆಗೆ ಮುಂಚೆ ಒಬ್ಬ ನರ್ಸ್ ಗಂಡಸರ ಸಹವಾಸದ ಬಗ್ಗೆ ಕೇಳಿದಳು. ಯಾವತ್ತೂ ಯಾರೂ ನನ್ನನ್ನು ಮುಟ್ಟಿಲ್ಲ ಎಂದು ಅಪರಿಚಿತಳ ಮುಂದೆ ಹೇಳಬೇಕಾಯಿತು. ರೋಗ ಇಲ್ಲ ಎಂದು ರಿಪೋರ್ಟ್ ಬಂತು. ಅದನ್ನು ಯಾರಿಗೆ ತೋರಿಸುವುದು? ಗಲ್ಲಾದ ಹಿಂದೆ ಕಟ್ಟು ಹಾಕಿಸಿ ತೂಗುಹಾಕುವುದೇ? ಅದು ಬೀರುವಿಗೆ ಹೋಯಿತು. ಅದೇ ವಾರ ಸುಮಂಗಲಾ ನನಗೆ ಬೇರೆ ತಟ್ಟೆ, ಬೇರೆ ಲೋಟ ತಂದಿಟ್ಟಳು. ಮಕ್ಕಳಿರುವ ಮನೆ ಎಂದಳು. ರಿಪೋರ್ಟನ್ನು ಓದಿದವಳು ಅವಳೇ.

ಆ ಹೊತ್ತಿಗೆ ನನ್ನ ಕಾಲು ಊದತೊಡಗಿತು. ಮೊದಲು ಪಾದ, ಆಮೇಲೆ ಮೀನಖಂಡ, ಆಮೇಲೆ ಕಣ್ಣಿನ ಕೆಳಗೆ. ಮತ್ತೆ ದಪ್ಪಗಾಗುತ್ತಿದ್ದೇನೆ ಎಂದುಕೊಂಡೆ. ಇಷ್ಟೆಲ್ಲ ಪಾಡುಪಟ್ಟು ಮತ್ತೆ ಅದೇ ಮೈ ಬರಬಾರದು. ಹಾಗಾಗಿ ಕುಡಿಯುತ್ತಿದ್ದ ಕಟ್ಟನ್ನೂ ಅರ್ಧ ಮಾಡಿದೆ. ಮೊಸರು ಬಿಟ್ಟೆ. ಊತ ಹೆಚ್ಚಾಯಿತು. ಇನ್ನೂ ಕಡಿಮೆ ಮಾಡಿದೆ. ಈ ಬರಹವನ್ನು ಓದುವವರಲ್ಲಿ ಯಾರಾದರೂ ಈ ಆಪರೇಷನ್ ಮಾಡಿಸಿಕೊಂಡವರಿದ್ದರೆ ಇದೊಂದನ್ನು ನೆನಪಿಡಲಿ: ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುವುದು ಕೊಬ್ಬಲ್ಲ, ನೀರು. ಅದು ಬಂದಾಗ ತಿನ್ನುವುದನ್ನು ಬಿಡಬೇಡಿ, ಆಸ್ಪತ್ರೆಗೆ ಓಡಿ. ನಾನು ಓಡಲಿಲ್ಲ. ಬಚ್ಚಲಿನಿಂದ ಕೋಣೆಗೆ ಬರುವಾಗ ಹೊಸ್ತಿಲು ದಾಟಲಾರದೆ ಕುಸಿದುಬಿದ್ದ ಮೇಲೆ ಬಸವರಾಜ ಕಾರು ಮಾಡಿ ಬೆಂಗಳೂರಿಗೆ ಕರೆದೊಯ್ದ.

ಆಹಾರದ ಕಾಗದ ಬರೆದುಕೊಟ್ಟಿದ್ದ ಅದೇ ಹುಡುಗಿ ಬಂದಳು. ನನ್ನ ಕಾಲನ್ನು ಒತ್ತಿ ನೋಡಿದಳು, ಏನು ತಿನ್ನುತ್ತಿದ್ದೀರಿ ಎಂದು ಒಂದೊಂದೇ ಕೇಳಿ ಬರೆದುಕೊಂಡಳು, ಕೂಡಿಸಿದಳು. ದಿನಕ್ಕೆ ಹತ್ತು ಗ್ರಾಂ ಕೂಡ ಆಗುತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಅಳು ಬರುವ ಹಾಗಿದ್ದರೆ ಕೆಲವರಿಗೆ ಸಿಟ್ಟು ಬರುತ್ತದಲ್ಲ, ಹಾಗೆ.

“ನೀವು ತೆಳ್ಳಗಾಗ್ತಿಲ್ಲ ಅಮ್ಮ, ಕರಗ್ತಿದೀರ. ಮೈ ತನ್ನನ್ನೇ ತಿಂತಾ ಇದೆ. ಮೊದಲು ತೋಳು, ತೊಡೆ. ಆಮೇಲೆ ಹೃದಯ,” ಎಂದಳು.

ಒಂಬತ್ತು ದಿನ ಬಾಟಲಿ ಏರಿಸಿದರು. ಹೊರಡುವಾಗ ಅವಳು ಹೊಸ ಕಾಗದ ಬರೆದಳು. ಸೋಯಾ ನನಗೆ ಉಬ್ಬರ ತರುತ್ತಿತ್ತು, ಪುಡಿ ಒಗ್ಗುತ್ತಿರಲಿಲ್ಲ, ಕಾಳುಗಳು ಇನ್ನೂ ಜೀರ್ಣವಾಗುತ್ತಿರಲಿಲ್ಲ. ಕಡೇಪಕ್ಷ ಆರು ತಿಂಗಳು ಮೊಟ್ಟೆಯ ಬಿಳಿಭಾಗ, ಆಮೇಲೆ ಬೇರೆ ನೋಡೋಣ ಎಂದಳು. ಈ ಸಲ ಆ ಸಾಲು ಹೊಡೆಯಲಿಲ್ಲ. ಅದರ ಕೆಳಗೆ ಎರಡು ಗೆರೆ ಎಳೆದಳು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ನಾನಾಗಿಯೇ ಹೇಳಿದೆ, ಮುಚ್ಚಿಡಲಿಲ್ಲ. ಅವ್ವ ದಿನಾ ಪೂಜೆಯಾಗದೆ ಬಾಯಿಗೆ ನೀರು ಹಾಕದವಳು. ಚಿಕ್ಕಂದಿನಲ್ಲಿ ನಾನು ಅತ್ತರೆ ಬೆಲ್ಲ, ನಕ್ಕರೆ ತುಪ್ಪ ಎಂದು ತಿನ್ನಿಸಿ ಬೆಳೆಸಿದವಳೂ ಅವಳೇ. ಅವಳ ಪ್ರೀತಿಗೆ ಬೇರೆ ಭಾಷೆ ಇರಲಿಲ್ಲ. ನಾನು ಬೇರೆ ಒಲೆ ಹೂಡಿಕೊಳ್ಳುತ್ತೇನೆ, ಹಿತ್ತಲಲ್ಲಿ, ಔಷಧ ಅಂತ ತಿಳಿದುಕೋ ಎಂದೆ.

“ಈ ಮನಿಯೊಳಗ ಬ್ಯಾಡ. ಅದನ್ನ ತಿಂದು ಉಳಕೊಂಡು ನೀ ಯಾರಿಗೆ ಏನು ಮಾಡಬೇಕಾಗೈತಿ?” ಎಂದಳು.

ಸಿಟ್ಟಿನಿಂದ ಅಂದದ್ದಲ್ಲ. ನಿಜವಾಗಿ ಕೇಳಿದಳು. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಅಂಗಡಿಯಲ್ಲಿ ಜಾಗವಿಲ್ಲ. ಬದುಕಬೇಕು ಅನ್ನಿಸುತ್ತಿತ್ತು, ಅಷ್ಟೇ.

ಎರಡು ದಿನ ಬಿಟ್ಟು ನಾನು ಗೋಡೆ ಹಿಡಿದುಕೊಂಡು, ನಿಂತು ನಿಂತು, ದುರುಗಮ್ಮನ ಮನೆಗೆ ಹೋದೆ. ಮಾಂಸ, ಮೊಟ್ಟೆ ತಿನ್ನುವ ಮನೆಗಳಲ್ಲಿ ನನಗೆ ಬಾಗಿಲು ಗೊತ್ತಿದ್ದುದು ಅದೊಂದೇ. ಅವಳು ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಬನ್ನಿ ಎನ್ನಲಿಲ್ಲ. ದಿನಾ ಬೆಳಗ್ಗೆ ನಾಲ್ಕು ಮೊಟ್ಟೆ ಕುದಿಸಿಕೊಡಬೇಕು, ಅದರ ಖರ್ಚು ನನ್ನದು ಎಂದೆ.

“ನಿಮಗ ಏನು ರೋಗ ಐತ್ರಿ? ಖರೇ ಹೇಳ್ರಿ,” ಎಂದಳು.

ಎಲ್ಲ ಹೇಳಿದೆ. ಬೆಂಗಳೂರು, ಬಾಳೆಕಾಯಿಯಷ್ಟು ಉಳಿಸಿದ್ದು, ಅರವತ್ತು ಗ್ರಾಂ. ಕೂದಲು ನನ್ನದೇ ಎಂದು ಆ ದಿನ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅದು ಅವಳಿಗೆ ಮುಖ್ಯವಾಗಿ ಕಂಡಂತೆ ತೋರಲಿಲ್ಲ. ಅವಳ ಮನಸ್ಸು ಇನ್ನೊಂದರ ಮೇಲೆ ನಿಂತಿತ್ತು.

“ಉಣ್ಣಾಕ ಇದ್ದೂ ಹೊಟ್ಟಿ ಕೊಯ್ಸಿಕೊಂಡ್ರೇನ್ರಿ?” ಎಂದಳು. ಅವಳು ನಗಲಿಲ್ಲ. ಅರ್ಥ ಮಾಡಿಕೊಳ್ಳಲು ನೋಡುತ್ತಿದ್ದಳು, ಆಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೋಗುವ ಮುಂಚೆ ಹೋದೆ. ಮೊಟ್ಟೆ ಕುದಿಸಿ, ಸುಲಿದು, ಹಳದಿ ತೆಗೆದಿದ್ದಳು. ಹೊರಗಿನ ಗೋಡೆಯ ಗೂಡಿನಿಂದ ಒಂದು ತಗ್ಗುಬಿದ್ದ ಅಲ್ಯೂಮಿನಿಯಂ ತಟ್ಟೆ ತೆಗೆದು, ಅದರಲ್ಲಿ ಹಾಕಿ, ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ನಾನು ಕಟ್ಟೆಯ ಮೇಲೆ ಕೂತೆ. ಮೂಗು ಮುಚ್ಚಿಕೊಂಡು ಒಂದು ಚೂರು ಬಾಯಿಗಿಟ್ಟೆ. ನಲವತ್ತು ವರ್ಷ ಮೊಟ್ಟೆ ಅಂಗಡಿಯ ಮುಂದೆ ಹಾದುಹೋಗುವಾಗಲೂ ಸೆರಗು ಮೂಗಿಗೆ ಹಿಡಿದವಳು. ಅಗಿದೆ. ರಬ್ಬರಿನ ಹಾಗೆ. ನುಂಗಿದೆ. ಎದ್ದು ಹೋಗಿ ಮೋರಿಯಲ್ಲಿ ಕಾರಿಕೊಂಡೆ. ಮತ್ತೆ ಬಂದು ಕೂತು ಇನ್ನೊಂದು ಚೂರು ತಿಂದೆ. ಅದು ಉಳಿಯಿತು.

ಮುಗಿದ ಮೇಲೆ ದುರುಗಮ್ಮ ನೀರಿನ ಚೊಂಬನ್ನು ದೂರದಿಂದ ಮುಂದೆ ತಳ್ಳಿದಳು.

“ತೊಳದು ಅಲ್ಲೇ ಗೂಡಿನಾಗ ಇಡ್ರಿ,” ಎಂದಳು.

ನಮ್ಮ ಖಾನಾವಳಿಯ ಹಿತ್ತಲ ಗೋಡೆಯಲ್ಲೂ ಒಂದು ಗೂಡು ಇತ್ತು. ಅದರಲ್ಲಿ ದುರುಗಮ್ಮನ ತಟ್ಟೆ, ಲೋಟ ಇರುತ್ತಿದ್ದವು. ಹದಿನೈದು ವರ್ಷ, ದಿನಾ ಮಧ್ಯಾಹ್ನ, ಅವಳು ಉಂಡು ಎದ್ದಾಗ ನಾನು ಇದೇ ಮಾತು ಹೇಳುತ್ತಿದ್ದೆ. ಹೆಚ್ಚುಕಡಿಮೆ ಇದೇ ದನಿಯಲ್ಲಿ. ಅವಳು ರೋಗಕ್ಕೆ ಹೆದರಿ ಹಾಗೆ ಮಾಡಿದಳೋ, ನನಗೆ ಗೊತ್ತಾಗಲಿ ಎಂದು ಮಾಡಿದಳೋ, ನಾನು ಕೇಳಲಿಲ್ಲ. ತೊಳೆದು ಗೂಡಿನಲ್ಲಿಟ್ಟೆ. ಆಮೇಲಿನ ಮೂರು ತಿಂಗಳಲ್ಲಿ ಒಂದು ದಿನವೂ ಅವಳು ಮೊಟ್ಟೆ ತಪ್ಪಿಸಲಿಲ್ಲ, ಒಂದು ದಿನವೂ ನನ್ನನ್ನು ಒಳಗೆ ಕರೆಯಲಿಲ್ಲ. ಅವಳಿಗೆ ಮೈ ಸರಿಯಿಲ್ಲದ ದಿನವೂ ಮೊಟ್ಟೆ ಕುದಿಸಿ ಕಟ್ಟೆಯ ಮೇಲೆ ಮುಚ್ಚಿಟ್ಟಿರುತ್ತಿದ್ದಳು.

ಎರಡನೆಯ ವಾರ ಕಣ್ಣಿನ ಕೆಳಗಿನ ಊತ ಇಳಿಯಿತು. ಒಂದು ತಿಂಗಳಿಗೆ ಪಾದದ ಎಲುಬು ಕಂಡಿತು. ಗೋಡೆ ಹಿಡಿಯದೆ ಅವಳ ಮನೆವರೆಗೆ ನಡೆದೆ. ಹಣೆಯ ಮೇಲೆ ಎಳೆಗರುವಿನ ಮೈಯಂಥ ಸಣ್ಣ ಕೂದಲು ಬಂತು. ಕನ್ನಡಿಯ ಮುಂದೆ ನಿಂತು ಅದನ್ನು ಬೆರಳಿಂದ ಸವರಿಕೊಂಡಾಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೂರನೆಯ ತಿಂಗಳು ಅವ್ವನಿಗೆ ಯಾರೋ ಹೇಳಿದರು. ನಾನು ಬೆಳಗ್ಗೆ ಬಂದಾಗ ಅವಳು ಪೂಜೆಯ ಸಾಮಾನನ್ನೆಲ್ಲ ಸುಮಂಗಲಾಳ ಕೋಣೆಗೆ ಸಾಗಿಸಿದ್ದಳು. ನನ್ನ ಹಾಸಿಗೆ ಹಿತ್ತಲ ಪಡಸಾಲೆಯಲ್ಲಿತ್ತು. ತನ್ನ ತಟ್ಟೆ, ನೀರಿನ ಕೊಡ, ಸೀರೆ ಏನನ್ನೂ ಮುಟ್ಟಬಾರದು ಎಂದು ಸುಮಂಗಲಾಳ ಕೈಯಲ್ಲಿ ಹೇಳಿಸಿದಳು. ತಾನೇ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಅವಳು ಮಾತಾಡಲಿ ಎಂದು ಒಂದು ವಾರ ಕಾದೆ. ಆಮೇಲೆ ಒಂದು ಟ್ರಂಕು ಹಿಡಿದು ಹಗರಿಬೊಮ್ಮನಹಳ್ಳಿಗೆ ಹೋಗಿ ಒಂದು ಕೋಣೆ ಬಾಡಿಗೆಗೆ ಹಿಡಿದೆ.

ಅಲ್ಲಿ ನಾನು ದಪ್ಪಗಿದ್ದದ್ದನ್ನು ಯಾರೂ ನೋಡಿರಲಿಲ್ಲ, ಸೊರಗಿದ್ದನ್ನೂ ನೋಡಿರಲಿಲ್ಲ. ರೊಟ್ಟಿ ಮಾಡಿ ಮಾರಲು ಶುರು ಮಾಡಿದೆ. ಒಲೆಯ ಮುಂದೆ ಕೂತು ಜೋಳದ ಹಿಟ್ಟು ತಟ್ಟುವಾಗ ಮೊದಲ ತಿಂಗಳೆಲ್ಲ ಬೆನ್ನು ಮುರಿಯುತ್ತಿತ್ತು. ಈ ಕೆಲಸವನ್ನು ಬೇರೆಯವಳಿಂದ ಹದಿನೈದು ವರ್ಷ ಮಾಡಿಸಿದ್ದೆ.

ನಿಧಾನವಾಗಿ ಹೊಟ್ಟೆ ಬೇರೆಯದನ್ನೂ ತಡೆಯಿತು. ಬೆಂಗಳೂರಿನ ಆ ಹುಡುಗಿಗೆ ಫೋನ್ ಮಾಡಿ ಕೇಳಿ ಕೇಳಿ ಕಲಿತೆ. ಬೇಳೆಯನ್ನು ಬೇಯಿಸಿ ನೀರು ಬಸಿದು, ತಳದ ಗಟ್ಟಿಯನ್ನೇ ಕಿವುಚಿ ತಿನ್ನುವುದು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿ ತಿನ್ನುವುದು. ಮೊಳಕೆ ಕಟ್ಟಿದ ಹೆಸರುಕಾಳನ್ನು ಬೇಯಿಸಿ ರುಬ್ಬುವುದು. ಹುರಿಗಡಲೆ ಪುಡಿಯನ್ನು ಮಜ್ಜಿಗೆಗೆ ಕಲಸುವುದು. ಎರಡೆರಡು ತಾಸಿಗೆ ಒಂದು ಸಣ್ಣ ಬಟ್ಟಲು. ಮೊಟ್ಟೆಯನ್ನು ಬಿಡಬಹುದು ಎಂದು ಅವಳು ಹೇಳಿದ ದಿನ ನಾನು ಬಿಡಲಿಲ್ಲ. ವಾರಕ್ಕೆರಡು ಸಲ ಈಗಲೂ ತಿನ್ನುತ್ತೇನೆ. ರುಚಿಗೆ ಅಲ್ಲ.

ಮೂರು ವರ್ಷದ ಮೇಲೆ ಬಸವರಾಜನ ಫೋನ್ ಬಂತು. ಅವ್ವನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ನನಗೆ ಆವರೆಗೆ ಹೇಳಿರಲಿಲ್ಲ. ಮಲಗಿ ಮಲಗಿ ಬೆನ್ನಲ್ಲಿ ಹುಣ್ಣಾಗಿತ್ತು. ಹೊಟ್ಟೆಗೆ ಹೋಗುತ್ತಿದ್ದದ್ದು ಎರಡು ಚಮಚ ಗಂಜಿ. ಪ್ರೊಟೀನ್ ಹೋಗದೆ ಹುಣ್ಣು ಮಾಯುವುದಿಲ್ಲ ಎಂದು ಡಾಕ್ಟರರು ಅಂದಿದ್ದರು. ಅಕ್ಕ, ಅದು ನಿನಗೆ ಗೊತ್ತಲ್ಲ, ಬಾ ಎಂದ.

ಹೋದೆ. ಅವ್ವ ನಾನು ಒಂದು ಕೈಯಲ್ಲಿ ಎತ್ತುವಷ್ಟು ಹಗುರಾಗಿದ್ದಳು. ಮಾತು ತೊದಲುತ್ತಿತ್ತು, ಬುದ್ಧಿ ಸರಿಯಿತ್ತು. ನಾನು ಬೇಳೆಯ ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ, ನುಣ್ಣಗೆ ಮಾಡಿ, ತುಪ್ಪ ಬಿಟ್ಟು, ಒಗ್ಗರಣೆ ಕೊಟ್ಟು ತಂದೆ. ಚಮಚ ಬಾಯಿಯ ಹತ್ತಿರ ಒಯ್ದೆ. ಅವಳು ಬಾಯಿ ತೆರೆಯಲಿಲ್ಲ.

“ಇದರಾಗ ಏನು ಹಾಕೀದಿ?” ಎಂದಳು.

ಬೇಳೆ ಅವ್ವ, ಬರೀ ಬೇಳೆ ಎಂದೆ. ಮುಖವನ್ನು ಗೋಡೆಗೆ ತಿರುಗಿಸಿದಳು. ಮುಂದಿನ ಬಟ್ಟಲನ್ನು ಅವಳೆದುರೇ ಕಲಸಿ ತೋರಿಸಿದೆ. ತುಟಿ ಬಿಗಿದುಕೊಂಡಳು. ಹೀಗೇ ಎರಡು ದಿನ.

ಒಂದು ವಿಷಯ ಇಲ್ಲಿ ಬರೆಯಲೇಬೇಕು. ಕೊಟ್ಟೂರಿಗೆ ಬಂದು ಇಳಿದ ದಿನ ನಾನು ಬಸ್ ಸ್ಟ್ಯಾಂಡಿನ ಪಕ್ಕದ ಮೊಟ್ಟೆ ಅಂಗಡಿಯ ಮುಂದೆ ನಿಂತಿದ್ದೆ. ಬಿಳಿಭಾಗವನ್ನು ಬೇಳೆಯಲ್ಲಿ ಬೇಯಿಸಿ ಸೋಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಹುಣ್ಣು ಬೇಗ ಮಾಯುತ್ತದೆ ಎಂದು ಯೋಚಿಸಿದ್ದೆ. ಅದರ ಜೊತೆಗೆ ಇನ್ನೊಂದು ಯೋಚನೆಯೂ ಇತ್ತು: ನನಗೆ ಬೇಡವೆಂದದ್ದು ಅವಳ ಹೊಟ್ಟೆಗೂ ಹೋಗಲಿ ಎಂದು. ಕೊಳ್ಳದೆ ಬಂದೆ. ಆದರೆ ಅವ್ವನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ನನ್ನನ್ನು ಹೆತ್ತವಳು ಅವಳು.

ಮೂರನೆಯ ದಿನ ಬಟ್ಟಲನ್ನು ಸುಮಂಗಲಾಳ ಕೈಗೆ ಕೊಟ್ಟೆ. ನೀನು ಮಾಡಿದ್ದು ಎಂದು ಹೇಳು ಎಂದೆ. ನಾನು ಬಾಗಿಲ ಹೊರಗೆ ನಿಂತೆ. ಒಳಗೆ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿತು. ಒಂದು, ಎರಡು, ಹತ್ತು, ಹದಿನಾಲ್ಕು ಚಮಚ. ಬಟ್ಟಲು ಖಾಲಿಯಾಗಿ ಹೊರಗೆ ಬಂತು.

ನಲವತ್ತು ದಿನ ಇದ್ದೆ. ನಸುಕಿಗೆ ಎದ್ದು ಆರು ಬಟ್ಟಲಿನಷ್ಟು ತಯಾರು ಮಾಡುತ್ತಿದ್ದೆ, ಸುಮಂಗಲಾ ಒಯ್ದು ತಿನ್ನಿಸುತ್ತಿದ್ದಳು. ಅವಳಿಗೆ ಇದು ಹಿಡಿಸುತ್ತಿರಲಿಲ್ಲ. ಅವ್ವ ಹೊಗಳಿದಾಗ ತಲೆ ತಗ್ಗಿಸುತ್ತಿದ್ದಳಂತೆ. ಒಮ್ಮೆ ನಿಜ ಹೇಳಿಬಿಡಲೇ ಎಂದು ಕೇಳಿದಳು. ಬೇಡವೆಂದೆ. ಹುಣ್ಣು ಅಂಚಿನಿಂದ ಕೆಂಪಾಗಿ, ಮೆಲ್ಲಗೆ ಒಳಕ್ಕೆ ತುಂಬುತ್ತ ಬಂದು ಮುಚ್ಚಿತು. ಡಾಕ್ಟರರು ಸೊಸೆಯ ಸೇವೆಯನ್ನು ಮೆಚ್ಚಿಕೊಂಡರು.

ಮಾಡುವ ವಿಧಾನವನ್ನೆಲ್ಲ ಸುಮಂಗಲಾಳಿಗೆ ಕಲಿಸಿ ನಾನು ಹೊರಟೆ. ಹೋಗುತ್ತೇನೆ ಎಂದು ಹೇಳಲು ಅವ್ವನ ಕೋಣೆಯ ಬಾಗಿಲಿಗೆ ಹೋದೆ. ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಹಾಗೆ ನೋಡಿದಳು.

“ಏಟು ಸೊರಗೀದೆವ್ವ,” ಎಂದಳು. “ಸುಮಂಗಲಾ ಬ್ಯಾಳಿ ಬಲು ಚಲೋ ಮಾಡ್ತಾಳ. ಒಂಚೂರು ಉಂಡು ಹೋಗು.”

ಸುಮಂಗಲಾ ಬಟ್ಟಲಿಗೆ ಹಾಕಿಕೊಟ್ಟಳು. ಅವ್ವನ ಎದುರು ನೆಲದ ಮೇಲೆ ಕೂತು, ಅವಳು ನೋಡುತ್ತಿದ್ದ ಹಾಗೇ, ಒಂದೊಂದೇ ಚಮಚ ಉಂಡ ಮೇಲೆ, ಚೆನ್ನಾಗಿದೆ ಎಂದೆ.